ಕಮಾಂಡರ್ ಫೈಲು ಸಾಗಿಸಿದ್ದು

ಮೌಸ್ ಹಿಡಿಯುವವರನ್ನು ಕಂಡರೆ ಅವನಿಗೆ ಎಲ್ಲಿಲ್ಲದ ತಾತ್ಸಾರ. ಕಪ್ಪು ತೆರೆಯ ಮೇಲೆ ನಾಲ್ಕಕ್ಷರ ಕುಟ್ಟಿದರೆ ಜಗತ್ತೇ ಕಾಲಡಿ ಬರುತ್ತದೆಂದು ನಂಬಿದ್ದ. ಮನೆಯವರೆಲ್ಲ ಕಮಾಂಡರ್ ಎನ್ನುತ್ತಿದ್ದರು. ಅದು ಗೇಲಿಯೆಂದು ಅವನಿಗೆ ಹೊಳೆಯಲೇ ಇಲ್ಲ.

ಅವನ ಅತ್ತಿಗೆ ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುತ್ತಿದ್ದಳು. ಮಲಗುವ ಕೋಣೆಯಲ್ಲಿ ಕಂಬಳಿ ಇಳಿಬಿಟ್ಟ ಮೂಲೆಯೇ ಅವಳ ಸ್ಟುಡಿಯೋ. ವರ್ಷಗಟ್ಟಲೆ ಓದಿದ್ದೆಲ್ಲ ಹಳೆಯ ಕಂಪ್ಯೂಟರಿನಲ್ಲಿತ್ತು, ಪುಸ್ತಕಕ್ಕೊಂದು ಫೋಲ್ಡರ್. ಆ ಯಂತ್ರ ಗೊರಗೊರ ಎನ್ನತೊಡಗಿದಾಗ ಹೊಸದೊಂದನ್ನು ತಂದಳು.

"ಪೆನ್‌ಡ್ರೈವಲ್ಲಿ ಸ್ವಲ್ಪಸ್ವಲ್ಪ ಹಾಕ್ಕೋತೀನಿ ಬಿಡು."

"ಅತ್ತಿಗೆ, ಅದೆಲ್ಲ ಅಜ್ಜನ ಕಾಲದ್ದು! ಒಂದೇ ಸಾಲು ಟೈಪ್ ಮಾಡಿದ್ರೆ ಫೋಲ್ಡರಿಗೆ ಫೋಲ್ಡರೇ ಆ ಕಡೆ ಹೋಗುತ್ತೆ."

"ಮೊದಲು ಒಂದು ಕಳಿಸಿ ನೋಡೋಣ್ವಾ?"

"ನನ್ನನ್ನ ಏನಂದ್ಕೊಂಡಿದ್ದೀರಿ?"

ಎರಡೂ ಕಡೆ ಒಂದೇ ಥರ ಇರಲಿ, ಹೆಚ್ಚಿಗೆ ಇದ್ದದ್ದನ್ನು ಅಳಿಸಿಬಿಡು ಎಂಬ ಆಜ್ಞೆಯನ್ನೂ ಸೇರಿಸಿದ. ಅದರ ಅಗತ್ಯವೇ ಇರಲಿಲ್ಲ. ಸಾಲು ಉದ್ದವಾದಷ್ಟೂ ಅವನ ಎದೆ ಉಬ್ಬುತ್ತಿತ್ತು. ಆ ಉಬ್ಬಿನಲ್ಲಿ ಎಲ್ಲಿಂದ, ಎಲ್ಲಿಗೆ ಎಂಬುದನ್ನು ಮಾತ್ರ ಅದಲುಬದಲು ಬರೆದ. ಹೊಸ ಕಂಪ್ಯೂಟರಿನ ಖಾಲಿ ಫೋಲ್ಡರು ಹಳೆಯದರ ಮೇಲೆ ನಕಲಾಗತೊಡಗಿತು. ಇವನು ಕಾಲ ಮೇಲೆ ಕಾಲು ಹಾಕಿ ಕೂತ.

"ನೋಡಿದ್ರಾ ಸ್ಪೀಡು? ಆಗೇಹೋಯ್ತು!"

ಆಗದೇನು? ಅಳಿಸುವುದಕ್ಕೆ ಎಷ್ಟು ಹೊತ್ತು!

ಅತ್ತಿಗೆ ಹೊಸದನ್ನು ತೆರೆದಳು; ಖಾಲಿ. ಹಳೆಯದನ್ನು ತೆರೆದಳು, ಅದೂ ಖಾಲಿ.

"ಎರಡೂ ಒಂದೇ ಥರ ಇದೆಯಲ್ಲ," ಎಂದ ಮಹಾಶಯ, ದನಿ ಉಡುಗಿಹೋಗಿದ್ದರೂ.

ಅವಳು ಕೂಗಾಡಲಿಲ್ಲ. ಕಂಬಳಿಯ ಹಿಂದೆ ಹೋಗಿ ಕೂತಳು. ಅಳಿಸಿಹೋದ ಒಂದು ಅಧ್ಯಾಯದ ನಡುವೆ, ಈಗ ತೀರಿಹೋಗಿರುವ ಅವಳ ಅಪ್ಪ ಪಕ್ಕದ ಕೋಣೆಯಲ್ಲಿ ಕೆಮ್ಮಿದ್ದು ಸೇರಿಕೊಂಡಿತ್ತು. ಅದನ್ನು ಅವಳು ಬೇಕೆಂದೇ ಕತ್ತರಿಸಿರಲಿಲ್ಲ.

ಮರುದಿನ ಕೇಳುಗರಿಗೆಲ್ಲ ಫೋನ್ ಮಾಡಿ, ತಾನು ಕಳಿಸಿದ್ದ ಪ್ರತಿಗಳು ಉಳಿದಿವೆಯೇ ಎಂದು ಕೇಳಿದಳು. ಹಿಂದೆ ಟೆಲಿಫೋನ್ ಆಪರೇಟರ್ ಆಗಿದ್ದ ಮುದುಕರೊಬ್ಬರು ನಕ್ಕರು.

"ಎಲ್ಲಾ ನನ್ನ ಕಂಪ್ಯೂಟರಲ್ಲಿ ಇದೆ ಕಣಮ್ಮ. ನಿನ್ನ ದನಿನ ಹೇಗೆ ಅಳಿಸೋದು?"

ಅತ್ತಿಗೆ ಹೊಸ ಕಂಪ್ಯೂಟರ್ ಎತ್ತಿಕೊಂಡು ಅವರ ಮನೆಗೆ ಹೋದಳು. ಕಮಾಂಡರನೂ ಬಾಲದಂತೆ ಹಿಂದೆ ಬಂದ. ಅವಳೇ ಆ ಸಾಲನ್ನು ಟೈಪ್ ಮಾಡಿದಳು, ಅಳಿಸುವ ಆಜ್ಞೆಯನ್ನು ಬಿಟ್ಟು. ಎಲ್ಲಿಂದ, ಎಲ್ಲಿಗೆ ಎಂದು ಗಟ್ಟಿಯಾಗಿ ಓದಿಕೊಂಡಳು.

"ಎಂಟರ್ ನಾನು ಒತ್ಲಾ, ಅತ್ತಿಗೆ?"

"ನೀನು ಕೈ ಕಟ್ಕೊಂಡು ಕೂತ್ಕೋ."

ಫೋಲ್ಡರುಗಳು ಒಂದೊಂದಾಗಿ ಬಂದವು. ಕೆಮ್ಮೂ ಬಂತು. ಅತ್ತಿಗೆ ಅದನ್ನು ಎರಡು ಸಲ ಕೇಳಿದಳು.

ಕೆಲದಿನಗಳ ನಂತರ ಕಮಾಂಡರ್ ಸೋದರತ್ತೆಯ ಮನೆಯಲ್ಲಿ ಕೊಚ್ಚುತ್ತಿದ್ದ: "ಅತ್ತಿಗೆ ಫೈಲೆಲ್ಲ ಹೋಗಿತ್ತು. ನಾನೇ ಓಡಾಡಿ ವಾಪಸ್ ತರಿಸ್ದೆ."

ಸೋದರತ್ತೆ ಹೂಂಗುಡುತ್ತಲೇ ಎದ್ದು, ಮೇಜಿನ ಮೇಲಿದ್ದ ತನ್ನ ಲ್ಯಾಪ್‌ಟಾಪನ್ನು ಬೀರುವಿನೊಳಗಿಟ್ಟು ಬೀಗ ಹಾಕಿದಳು.