ಮುಖ ಮುಚ್ಚುವ ಮೊದಲು

ಹೆಣಕ್ಕೆ ಸುತ್ತಿದ ಕಫನಿನ ತಲೆಯ ಕಡೆಯ ಗಂಟು ಬಿಗಿಯಲು ಹೊರಟ ಮಸೀದಿಯ ಪರಿಚಾರಕ ಮುಕ್ರಿಯ ಕೈಯನ್ನು ಮಯ್ಯದ್ದಿ ಹಾಜಿ ಹಿಡಿದುಕೊಂಡರು.

"ಸ್ವಲ್ಪ ತಡಿ. ಮುಖ ಮುಚ್ಚಬೇಡ."

ಕಾಪುವಿನಾಚೆಯ ಆ ಸಣ್ಣ ಜಮಾತಿನ ಅಧ್ಯಕ್ಷರಾದ ಅವರು ಈ ಮನೆಗೆ ಕಾಲಿಟ್ಟದ್ದು ಎಂಟು ವರ್ಷಗಳ ನಂತರ. ದರ್ಜಿ ಪೊಡಿಯಬ್ಬ ಬೆಳಗಿನ ಬಾಂಗಿನ ಹೊತ್ತಿಗೆ ತೀರಿಕೊಂಡಿದ್ದ. ಬಹಿಷ್ಕಾರ ಬದುಕಿರುವವನಿಗೆ, ಮಯ್ಯತ್ತಿಗಲ್ಲ ಎಂದು ಮಸೀದಿಯ ಗುರುಗಳಾದ ಖತೀಬರು ಹೇಳಿದ್ದರಿಂದ ಮಸೀದಿಯ ಶವದ ಮಂಚ ಮನೆಯೊಳಗೆ ಬಂದಿತ್ತು.

ಹಾಜಿ ಒಳಕೋಣೆಯ ಪರದೆಯತ್ತ ತಿರುಗಿದರು. ಆಚೆಗೆ ಪೊಡಿಯಬ್ಬನ ಹೆಂಡತಿ ಕುಳಿತಿದ್ದಳು.

"ಅವ್ವಮ್ಮ, ನನ್ನಿಂದ ಅವನಿಗೆ ತುಂಬ ನೋವಾಗಿದೆ. ಅವನ ಪರವಾಗಿ ಮಾಫ್ ಮಾಡಿದೆ ಅಂತ ಒಂದು ಮಾತು ಹೇಳು. ನನಗೂ ಎಪ್ಪತ್ತೆರಡು ಆಯಿತು."

ಹಾಜಿ ಪರದೆಯ ಕಡೆಗೆ ಒಂದು ಹೆಜ್ಜೆ ಇಟ್ಟರು.

"ಎಂತ, ಕೇಳಿತಾ?"

"ಕೇಳಿತು. ನನ್ನ ಕಿವಿಗೆ ನೀವು ಬಹಿಷ್ಕಾರ ಹಾಕಲಿಲ್ಲ ಅಲ್ವಾ."

*

1955ರಲ್ಲಿ, ಕಾರ್ಕಳದಲ್ಲಿ ನರ್ಸ್ ಆಗಿದ್ದ ಪೊಡಿಯಬ್ಬನ ಮಗಳು ಜಮೀಲಾ ತಾನಾಗಿ ಕ್ರೈಸ್ತಳಾಗಿ ಝೀಟಾ ಎಂದು ಹೆಸರಿಟ್ಟುಕೊಂಡಳು. ಮುಂದಿನ ಶುಕ್ರವಾರವೇ ಜಮಾತು ಸೇರಿತು.

"ಮಗಳು ಸತ್ತಳು ಅಂತ ಹೇಳು. ಬಾಗಿಲು ಮುಚ್ಚು. ಇಲ್ಲದಿದ್ದರೆ ಅವಳ ಪಾಪ ನಿನ್ನ ತಲೆಗೆ" ಎಂದರು ಹಾಜಿ.

ಪೊಡಿಯಬ್ಬ ಮಸೀದಿಯ ಧರ್ಮಪಾಠವಾದ ದರ್ಸಿನಲ್ಲಿ ಕಲಿತವನು. ಓದಿದ ಅರಬಿಯ ಅರ್ಥ ಅವನಿಗೆ ತಿಳಿಯುತ್ತಿತ್ತು.

"ನಂಬಿಕೆಯಲ್ಲಿ ಬಲವಂತ ಬೇಡ ಅಂತ ದೇವರೇ ಹೇಳಿದ ಮೇಲೆ ನಾನು ಯಾರು? ನನಗೆ ಬೇಸರ ಉಂಟು. ಆದರೆ ಅವಳ ಉತ್ತರ ಅವಳೇ ಕೊಡಬೇಕು, ನಾನಲ್ಲ. ಮನೆಗೆ ಬಂದರೆ ಅನ್ನ ಹಾಕುತ್ತೇನೆ."

"ದರ್ಜಿ ನಮಗೆ ಅರ್ಥ ಹೇಳಲಿಕ್ಕೆ ಬಂದ ಮಾರಾಯ" ಎಂದು ಯಾರೋ ನಕ್ಕರು.

ಅಂದಿನಿಂದ ಅವನ ಸಲಾಮಿಗೆ ಉತ್ತರವಿಲ್ಲ. ಬ್ಯಾರಿಗಳ ಒಂದು ತುಂಡು ಬಟ್ಟೆಯೂ ಅವನ ಹೊಲಿಗೆ ಮಿಷನ್ನಿಗೆ ಬರಲಿಲ್ಲ. ಕಟಪಾಡಿಗೆ ಹೋಗಿ ಕ್ರೈಸ್ತರ ಮದುವೆಯ ಕೋಟು ಹೊಲಿದು ಬದುಕಿದ. ಶುಕ್ರವಾರ ಮಾತ್ರ ತಪ್ಪದೆ ಮಸೀದಿಗೆ ಬರುತ್ತಿದ್ದ. ಸಾಲಿನಲ್ಲಿ ಅವನ ಎಡಕ್ಕೆ ಒಬ್ಬರ ಜಾಗ, ಬಲಕ್ಕೆ ಒಬ್ಬರ ಜಾಗ ಖಾಲಿ ಇರುತ್ತಿತ್ತು.

*

"ವಾರಸುದಾರರು ಹೇಳಿದರೂ ಆಗುತ್ತದೆ ತಂಗೀ," ಎಂದರು ಖತೀಬರು. "ಹೇಳಿಬಿಡಿ. ಸಂಜೆಯ ಅಸರ್ ನಮಾಜಿಗೆ ಹೊತ್ತಾಯಿತು."

"ಮನುಷ್ಯನಿಗೆ ಮಾಡಿದ ಅನ್ಯಾಯವನ್ನು ಆ ಮನುಷ್ಯನೇ ಬಿಟ್ಟುಕೊಡಬೇಕು ಅಂತ ಪ್ರವಚನದಲ್ಲಿ ಹೇಳಿದ್ದು ನೀವೇ." ಅವ್ವಮ್ಮನ ಸ್ವರ ಏರಲಿಲ್ಲ. "ಇವರು ಹುಷಾರಿಲ್ಲದೆ ಹದಿನೈದು ದಿನ ಇಲ್ಲೇ ಮಲಗಿದ್ದರು. ನಿನ್ನೆಯವರೆಗೆ ಮಾತು ಇತ್ತು. ಹಾಜಿಯವರ ಮನೆ ಎಷ್ಟು ದೂರ?"

ಅಂಗಳದಲ್ಲಿ ನಿಂತರೆ ಹಾಜಿಯ ಮನೆಯ ಮಾಡು ಕಾಣುತ್ತಿತ್ತು.

"ನೀವು ಹೀಗೆ ಬಂದು ಕೇಳುವುದಕ್ಕೇ ನಾನು ಎಂಟು ವರ್ಷ ಕಾದಿದ್ದೆ, ಹಾಜಿಯವರೇ. ನನ್ನ ಪಾಲಿನ ಅನ್ಯಾಯವನ್ನು ನಾನು ಬಿಟ್ಟುಕೊಡುವುದಿಲ್ಲ. ಅವರದ್ದು ಬಿಡಲಿಕ್ಕೆ ನಾನು ಯಾರೂ ಅಲ್ಲ. ಅವರಲ್ಲೇ ಕೇಳಿ. ಮುಖ ಮುಚ್ಚಿಲ್ಲ ಅಲ್ವಾ ಇನ್ನೂ."

ಹಾಜಿ ಮಂಚದ ಪಕ್ಕ ಮೊಣಕಾಲೂರಿದರು. "ಪೊಡಿಯಬ್ಬಾ," ಎಂದರು. ಎರಡನೆಯ ಸಲ ಜೋರಾಗಿ, ಅಂಗಳದವರಿಗೂ ಕೇಳುವಂತೆ.

ಖತೀಬರು ಕಣ್ಸನ್ನೆ ಮಾಡಿದರು. ಮುಕ್ರಿ ಹಾಜಿಯ ಭುಜದ ಮೇಲಿಂದ ಬಾಗಿ ಬಟ್ಟೆ ಎಳೆದು ಗಂಟು ಬಿಗಿದ. ನಾಲ್ವರು ಮಂಚ ಎತ್ತಿ ಹೊಸ್ತಿಲು ದಾಟಿದರು. ಜನ ಅವರ ಹಿಂದೆ ಹೋದರು. ಹಾಜಿ ಮಾತ್ರ ಬರಿ ನೆಲದ ಕಡೆ ಬಗ್ಗಿ, ಪೊಡಿಯಬ್ಬನ ಕಿವಿ ಇದ್ದ ಮಟ್ಟದಲ್ಲಿ ಬಾಯಿಟ್ಟು, ಇನ್ನೂ ಏನೋ ಹೇಳುತ್ತಲೇ ಇದ್ದರು.