ಫೆಬ್ರವರಿಯಲ್ಲೂ ಬಂದ ಅರವತ್ತು ಪೌಂಡ್

ಆ ಮಂಗಳವಾರ ಬೆರಿಲ್ ಸ್ಟ್ಯಾದರ್ಸ್ ಗ್ರಂಥಾಲಯದಲ್ಲಿ ನನ್ನ ಮೇಜಿನೆದುರು ಕೂತು, ಊರಿನ ನಗರಸಭೆ, ಅಂದರೆ ಕೌನ್ಸಿಲ್‌ನಿಂದ ಬಂದ ಕಾಗದವನ್ನು ಕೈಚೀಲದಿಂದ ತೆಗೆದಳು. ನನಗೆ ಕೊಡಲಿಲ್ಲ. ಅಕ್ಷರಗಳನ್ನು ಅಂಗೈಯಲ್ಲಿ ಮುಚ್ಚಿ ತನ್ನ ಕಡೆಗೇ ಇಟ್ಟುಕೊಂಡಳು. ಸಲಹೆ ಕೇಳಲು ಬರುವವರು ಸಾಮಾನ್ಯವಾಗಿ ಕಾಗದವನ್ನು ನನ್ನ ಮೂಗಿಗೆ ಹಿಡಿಯುತ್ತಾರೆ. ಹೀಗೆ ಮುಚ್ಚಿಟ್ಟುಕೊಳ್ಳುವವರಿಗೆ ಉತ್ತರ ಆಗಲೇ ಗೊತ್ತಿರುತ್ತದೆ, ಬೇರೆ ಉತ್ತರ ಸಿಗಬಹುದೇ ಎಂದು ಬಂದಿರುತ್ತಾರೆ.

"ಮನೆ ತೆರಿಗೆ ಕಮ್ಮಿ ಮಾಡ್ತೀವಿ ಅಂತ ಬರೆದಿದಾರೆ," ಎಂದಳು. "ಬೇಡ ಅನ್ನೋಕೆ ಏನ್ ಮಾಡ್ಬೇಕು?"

ಇಂಗ್ಲೆಂಡಿನ ಹಲ್ ಊರಿನಲ್ಲಿ ಹನ್ನೊಂದು ವರ್ಷದಿಂದ ಸಲಹೆ ಕೊಡಲು ಈ ಮೇಜಿಗೆ ಕೂರುತ್ತಿದ್ದೇನೆ. ಹೀಗೆ ಕೇಳಿದವರು ಯಾರೂ ಇರಲಿಲ್ಲ. ಹಿಂದೆ ಸರದಿಗೆ ಕಾಯುತ್ತಿದ್ದ ಕಿರ್ಬಿ ಕತ್ತು ಚಾಚಿದ. ಅವನದು ಪ್ರತಿ ಮಂಗಳವಾರವೂ ಅದೇ ಬಾಯ್ಲರ್ ದೂರು. ಬರುವ ಅಸಲು ಕಾರಣ ಗ್ರಂಥಾಲಯದ ಹೀಟರಿನ ಬಿಸಿ.

"ಬೇಡದಿದ್ರೆ ಇತ್ಲಾಗೆ ಕೊಟ್ಬಿಡಮ್ಮ."

"ನೀನು ಪೇಪರ್ ಓದ್ಕೊಂಡು ಬಾಯ್ಮುಚ್ಕೊಂಡು ಕೂತ್ಕೊ," ಎಂದಳು ಬೆರಿಲ್, ತಿರುಗಿಯೂ ನೋಡದೆ.

ಬೆರಿಲ್‌ಗೆ ಐವತ್ತೆಂಟು. ಶಾಲೆಯೊಂದರ ಅಡಿಗೆಮನೆಯಲ್ಲಿ ಕೆಲಸ. ಏಳು ವರ್ಷದ ಹಿಂದೆ, ಪತ್ರಿಕೆ ಮಾರುವ ಅಂಗಡಿಯ ಗಾಜಿಗೆ ಅಂಟಿಸಿದ್ದ ಚೀಟಿ ನೋಡಿ, ನೆವಿಲ್ ಡ್ರೂರಿ ಎಂಬ ಹಡಗಿನ ಅಡಿಗೆಯವನ ಜೊತೆ ಮನೆ ಹಂಚಿಕೊಂಡಿದ್ದಳು. ಬಾಡಿಗೆ ಕರಾರು ಒಂದೇ, ಸಹಿ ಎರಡು. ಮಹಡಿಯ ಮುಂದಿನ ಕೋಣೆ ಅವನಿಗೆ, ಹಿಂದಿನದು ಅವಳಿಗೆ, ಅಡಿಗೆಮನೆ ಇಬ್ಬರಿಗೂ. ನೀವಿಬ್ಬರೂ ಪರಸ್ಪರ ಏನು ಎಂದು ಯಾರಾದರೂ ಕೇಳಿದರೆ ಇಬ್ಬರೂ "ಬಾಡಿಗೆದಾರರು" ಎನ್ನುತ್ತಿದ್ದರಂತೆ. ಆರು ವರ್ಷ ಪ್ರತಿ ಭಾನುವಾರ ಅವನು ಮಾಂಸ ಬೇಯಿಸಿದ್ದು, ಅವಳು ಪಾತ್ರೆ ತೊಳೆದದ್ದು, ಆಮೇಲೆ ಒಂದೇ ಸೋಫಾದ ಎರಡು ತುದಿಗಳಲ್ಲಿ ಕೂತು ಟೀವಿಯನ್ನು ಬೈದದ್ದು ಕರಾರಿನಲ್ಲಿ ಎಲ್ಲೂ ಇಲ್ಲ.

ಹೋದ ವರ್ಷ ಮಾರ್ಚಿನಲ್ಲಿ ನೆವಿಲ್‌ನ ಭಾವ ತೀರಿಕೊಂಡ. ಅಕ್ಕನ ವಸತಿಗೃಹ ನೋಡಿಕೊಳ್ಳಲು, ಆರು ವಾರ ಎಂದು ಹೇಳಿ, ನೆವಿಲ್ ಉತ್ತರ ತುದಿಯ ಚಳಿ ದ್ವೀಪ ಶೆಟ್ಲೆಂಡಿಗೆ ಹೋದ. ಹೋಗಿ ಹದಿಮೂರು ತಿಂಗಳಾಗಿತ್ತು. ಮೊದಮೊದಲು ಭಾನುವಾರಕ್ಕೊಮ್ಮೆ ಫೋನು, ಆಮೇಲೆ ಕ್ರಿಸ್‌ಮಸ್‌ಗೆ ಒಂದು ಕಾರ್ಡು. ಮಲಗದ ಕೋಣೆಗೆ ಬಾಡಿಗೆ ಯಾಕೆ ಕಳಿಸ್ತೀಯ, ಬೇಡ ಎಂದು ಮೇ ತಿಂಗಳಲ್ಲಿ ಅವಳೇ ಹೇಳಿದ್ದಳು. ಇಲ್ಲ ಇಲ್ಲ, ಕೊಡ್ತೀನಿ ಎಂದಾನು ಎಂಬ ನಿರೀಕ್ಷೆ. ಅವನು ಸರಿ ಎಂದುಬಿಟ್ಟ. ತೆರಿಗೆಯ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ. ಅವನ ಅರ್ಧ, ಅರವತ್ತು ಪೌಂಡು, ಪ್ರತಿ ತಿಂಗಳ ಒಂದನೇ ತಾರೀಕು ಅವಳ ಖಾತೆಗೆ ಬರುತ್ತಲೇ ಇತ್ತು, ಅವನ ಹೆಸರಿನ ಸಮೇತ.

"ಈ ಅರವತ್ತು ಏನೂ ಅಲ್ವಾ ಹಾಗಾದ್ರೆ?" ಎಂದಳು.

ನಾನು ಕಾನೂನು ಹೇಳಿದೆ. ಒಂದೇ ಕರಾರಿಗೆ ಸಹಿ ಹಾಕಿ ಒಟ್ಟಿಗಿರುವವರಲ್ಲಿ ಪ್ರತಿಯೊಬ್ಬರೂ ಪೂರ್ತಿ ತೆರಿಗೆಗೆ ಹೊಣೆ. ಅರ್ಧ ನಿಂದು ಅರ್ಧ ನಂದು ಎನ್ನುವುದು ಅಡಿಗೆಮನೆಯ ಒಪ್ಪಂದ, ಕೌನ್ಸಿಲ್ ಅದನ್ನು ಕೇಳಿಸಿಕೊಳ್ಳುವುದಿಲ್ಲ. ಒಬ್ಬರು ಬಿಟ್ಟುಹೋದರೆ ಹೊಣೆ ಉಳಿದವರ ಮೇಲೆ. ಒಬ್ಬರೇ ಉಳಿದರೆ ಕಾಲು ಭಾಗ ಮಾಫಿ. ನೆವಿಲ್ ಈಗ ಇಲ್ಲಿಲ್ಲವೆಂದು ಕೌನ್ಸಿಲ್‌ಗೆ ಎಲ್ಲಿಂದಲೋ ಗುಮಾನಿ ಬಂದಿದೆ, ಅಷ್ಟೆ. ಹೋದ ತಾರೀಕು ಬರೆದು ಸಹಿ ಹಾಕಿದರೆ ಆಯಿತು.

"ಹೋದ ಅಂತ ಯಾರು ಹೇಳ್ಬೇಕು? ಅವನ ದೊಡ್ಡ ಬಾಣಲೆ ಇಲ್ಲೇ ಇದೆ. ಚಳಿಗಾಲದ ಕೋಟು ಇಲ್ಲೇ ಇದೆ. ಶೆಟ್ಲೆಂಡಿಗೆ ಹೋಗೋನು ಕೋಟು ಬಿಟ್ಟು ಹೋಗ್ತಾನಾ, ನೀನೇ ಹೇಳಮ್ಮ."

ಶೆಟ್ಲೆಂಡಿನಲ್ಲೂ ಕೋಟು ಮಾರುತ್ತಾರೆ ಎಂದು ನಾನು ಹೇಳಲಿಲ್ಲ. "ಅವರ ಮುಖ್ಯ ಮನೆ ಯಾವುದು ಅನ್ನೋದು ಲೆಕ್ಕ. ಸಾಮಾನು ಎಲ್ಲಿದೆ ಅಂತ ನೋಡ್ತಾರೆ. ವಾಪಸ್ ಬರೋ ಮನಸ್ಸಿದೆಯಾ ಅಂತಾನೂ ನೋಡ್ತಾರೆ," ಎಂದೆ.

"ಅದನ್ನೂ ಕೇಳುತ್ತಾ ಕಾನೂನು?"

"ಕೇಳುತ್ತೆ."

ಅವಳ ಮುಖದಲ್ಲಿ ಕಾನೂನಿನ ಬಗ್ಗೆ ಗೌರವ ಕಂಡದ್ದು ಅದೇ ಮೊದಲು. ಹದಿಮೂರು ತಿಂಗಳಲ್ಲಿ ತಾನು ಬಾಯಿಬಿಟ್ಟು ಕೇಳಲಾಗದ್ದನ್ನು ಯಾವನೋ ಗುಮಾಸ್ತ ಕೂತು ಅಚ್ಚು ಹಾಕಿಸಿದ್ದಾನೆ. ಆಮೇಲೆ ಮೇಜಿನ ಮೇಲೆ ಬಾಗಿ, ಕಿರ್ಬಿಗೆ ಕೇಳಿಸದ ಹಾಗೆ ತನ್ನ ದೊಡ್ಡ ಸಾಕ್ಷ್ಯವನ್ನು ಹೇಳಿದಳು.

"ಕೌನ್ಸಿಲ್ ತೆರಿಗೆ ವರ್ಷಕ್ಕೆ ಹತ್ತೇ ಕಂತು. ಫೆಬ್ರವರಿ ಮಾರ್ಚಲ್ಲಿ ಏನೂ ಕಟ್ಟೋ ಹಾಗಿಲ್ಲ, ಊರಿಗೆಲ್ಲ ಗೊತ್ತು. ಆ ಎರಡು ತಿಂಗಳೂ ಕಳ್ಸಿದಾನೆ. ತೆರಿಗೆಗಲ್ಲ ಅಂದ್ಮೇಲೆ ಯಾಕೆ ಕಳ್ಸಿದ?"

ಯಾಕೆಂದು ನನಗೆ ಗೊತ್ತಿತ್ತು. ತಿಂಗಳಿಗಿಷ್ಟು ಕಳಿಸು ಎಂದು ಬ್ಯಾಂಕಿಗೆ ಒಮ್ಮೆ ಹೇಳಿಬಿಟ್ಟರೆ, ಬೇಡ ಎನ್ನುವವರೆಗೂ ಅದು ಕಳಿಸುತ್ತಲೇ ಇರುತ್ತದೆ. ಯಂತ್ರಕ್ಕೆ ಫೆಬ್ರವರಿಯ ಪರಿಚಯವಿಲ್ಲ. ಇದನ್ನು ಹೇಳುವುದು ಸಲಹೆಗಾರಳ ಕೆಲಸವೇ. ಆದರೂ ಆ ಕೆಲಸವನ್ನು ನೆವಿಲ್‌ಗೇ ಬಿಟ್ಟೆ.

"ಅವರನ್ನೇ ಕೇಳಿ ಬೆರಿಲ್."

"ನಾನಾ? ಏನಂದ್ಕೋತಾನೆ?"

"ನೀವೆಲ್ಲಿ ಕೇಳ್ತಿದೀರ? ಕೌನ್ಸಿಲ್ ಕೇಳ್ತಿರೋದು."

ಈ ಮಾತು ನಾಟಿತು. ಅವಳು ಕೂದಲು ಸರಿಮಾಡಿಕೊಂಡು ಫೋನು ತೆಗೆದಳು. ಅವನ ಮಾತು ನನಗೆ ಕೇಳಿಸಲಿಲ್ಲ.

"ನೆವಿಲ್, ನಾನು. ಇಲ್ಲ, ಯಾರೂ ಸತ್ತಿಲ್ಲ. ಕೌನ್ಸಿಲ್‌ನೋರು ಒಂದು ಕೇಳ್ತಿದಾರೆ. ನಿನ್ನ ಮುಖ್ಯ ಮನೆ ಯಾವುದು ಅಂತೆ... ನಾನಲ್ಲ ಮಾರಾಯ, ಕೌನ್ಸಿಲ್ಲು." ಅವನ ಉತ್ತರ ಕೇಳುತ್ತ ಕಾಗದದ ಅಂಚು ಮಡಚಿದಳು. "ಹೂಂ." ಮಡಿಕೆ ಬಿಚ್ಚಿದಳು. "ಹೂಂ, ಬರ್ಕೊಂಡೆ." ಅವಳ ಕೈಯಲ್ಲಿ ಪೆನ್ನೇ ಇರಲಿಲ್ಲ. "ಬರ್ತಾ ಇದೆ ಕಣೋ, ತಿಂಗಳಾ ತಿಂಗಳಾ. ನೋಡಿರ್ಲಿಲ್ವಾ ನೀನು?" ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡಳು. "ಅಕ್ಕಂಗೆ ಕೇಳಿದೆ ಅನ್ನು. ಕೋಟು ಹಾಕ್ಕೊ."

ಫೋನನ್ನು ಕಾಗದದ ಮೇಲಿಟ್ಟಳು.

"ಅಲ್ಲೇ ಅಂತೆ, ಹೋದ ಜೂನ್ ಒಂದರಿಂದ. ಯೋಚ್ನೆನೂ ಮಾಡ್ಲಿಲ್ಲ, ಹುಟ್ಟಿದ ತಾರೀಕು ಹೇಳ್ದಂಗೆ ಹೇಳ್ದ. ಅವತ್ತೇ, ಇನ್ಮೇಲೆ ಅಲ್ಲೇ ಇರೋನು ಅಂತ ಡಾಕ್ಟರ್ ಹತ್ರ ಹೆಸ್ರು ಬರ್ಸಿದ್ನಂತೆ." ಫೋನನ್ನು ಎತ್ತಿ ಚೀಲಕ್ಕೆ ಹಾಕುತ್ತ, "ದುಡ್ಡು ನಿಲ್ಸೋದು ಮರ್ತೇಹೋಗಿತ್ತಂತೆ. ಇವತ್ತೇ ನಿಲ್ಲಿಸ್ತೀನಿ, ಪಾಪ ನಿಂಗ್ಯಾಕೆ ತಾಪತ್ರಯ ಅಂದ."

ನಾನು ಪೆನ್ನು ಕೊಟ್ಟೆ. ಅವಳು ತಾರೀಕು ಬರೆದಳು. ಮನೆಯಲ್ಲಿರುವ ವಯಸ್ಕರ ಸಂಖ್ಯೆ ಎಂಬಲ್ಲಿ 1 ಎಂದು ಬರೆದಳು. ಆ ಸಣ್ಣ ಗೀಟನ್ನು ಎಳೆಯಲು ತೆಗೆದುಕೊಂಡ ಹೊತ್ತಿನಲ್ಲಿ ಬೇರೆಯವರು ಇಡೀ ಅರ್ಜಿ ತುಂಬಿಸುತ್ತಾರೆ.

"ಜೂನಿಂದ ಬಂದಿದ್ದು ಅವನ ದುಡ್ಡು, ವಾಪಸ್ ಕೊಡ್ಬೇಕಲ್ಲ?" ಎಂದು ಕೇಳಿದಳು.

"ಹನ್ನೊಂದು ತಿಂಗಳದ್ದು, ಆರುನೂರ ಅರವತ್ತು. ಅವರು ಕೇಳಿದ್ರಾ?"

"ಅವನೆಲ್ಲಿ ಕೇಳ್ತಾನೆ."

"ಕೊಡಲೇಬೇಕು ಅಂತಿದ್ರೆ ಸುಲಭ. ಮಾಫಿ ಜೂನಿಂದ್ಲೇ ಲೆಕ್ಕ, ಕೌನ್ಸಿಲ್ ನಿಮಗೂ ಸ್ವಲ್ಪ ಹಿಂದಕ್ಕೆ ಕೊಡುತ್ತೆ. ಒಟ್ಟಿಗೇ ಕಳ್ಸಿಬಿಡಿ, ಮುಗೀತು."

"ಮುಗ್ಸೋ ಅರ್ಜೆಂಟೇನಿಲ್ಲ ಕಣಮ್ಮ," ಎಂದಳು ಬೆರಿಲ್. "ತಿಂಗಳಿಗೆ ಇಪ್ಪತ್ತರ ಹಾಗೆ ಕಳ್ಸಿದ್ರೆ?"

"ಎರಡು ವರ್ಷ ಒಂಬತ್ತು ತಿಂಗಳಾಗುತ್ತೆ."

"ಹತ್ತಾದ್ರೆ?"

"ಐದೂವರೆ ವರ್ಷ."

ಅವಳು ಇನ್ನೂ ಕಡಿಮೆ ಕೇಳುವಳೇನೋ ಅಂದುಕೊಂಡೆ. ಆದರೆ ಮರ್ಯಾದೆಗೂ ಒಂದು ಮಿತಿ ಇದೆ ಎಂದು ತೋರಿರಬೇಕು. "ಹತ್ತು," ಎಂದಳು. "ಅವನ ಬ್ಯಾಂಕಿನ ಕಾಗದದಲ್ಲಿ ನನ್ನ ಹೆಸ್ರು ಬರುತ್ತಾ?"

"ಬರುತ್ತೆ."

"ಪ್ರತಿ ಸಲಾನೂ?"

"ಪ್ರತಿ ಸಲಾನೂ."

ಕೈಚೀಲ ಎತ್ತಿಕೊಂಡು, ಬ್ಯಾಂಕು ಮುಚ್ಚುವುದರೊಳಗೆ ಹೋಗಬೇಕೆಂದು ಎದ್ದಳು. ಸಹಿ ಹಾಕಿದ ಕಾಗದವನ್ನು ನನ್ನ ಕಡೆಗೆ ತಳ್ಳಿದಳು, ನೀನೇ ಅಂಚೆಗೆ ಹಾಕಿಬಿಡು ಎನ್ನುವಂತೆ. ಅವಳ ಕುರ್ಚಿ ತಣ್ಣಗಾಗುವ ಮೊದಲೇ ಕಿರ್ಬಿ ಬಂದು ಕೂತ.

"ಅಂತೂ ಮುಗೀತಾ ಅವಳದ್ದು?"

"ಇನ್ನೂ ಐದೂವರೆ ವರ್ಷ ಇದೆ," ಎಂದೆ. "ಬಾಯ್ಲರ್ ವಿಷಯ ಹೇಳು."