ಬಿಟ್ಟುಹೋದ ಮನೆ

ಬೆಳಿಗ್ಗೆ ಹನ್ನೊಂದಕ್ಕೆ ಅಮ್ಮನ ಫೋನ್ ಬಂದಾಗ ನಾನು ಯಾರದೋ ಕೋಟಿನ ಮೊಣಕೈಗೆ ರಫು ಮಾಡುತ್ತಿದ್ದೆ. ಉಣ್ಣೆ ಬಟ್ಟೆ ರಿಪೇರಿಯ ನಮ್ಮ ಅಂಗಡಿಗೆ ಚಳಿಗಾಲವೇ ಸುಗ್ಗಿ. ಊರಿನ ತೂತುಗಳೆಲ್ಲ ನನ್ನ ಮೇಜಿನ ಮೇಲೇ ಬಂದು ಬೀಳುತ್ತವೆ.

"ಅಜ್ಜಿ ಅರ್ಧ ಹೆಣೆದಿಟ್ಟ ನೀಲಿ ಸ್ವೆಟರ್ ಇದೆಯಲ್ಲ, ಇವತ್ತು ಬಿಚ್ತಾ ಇದೀನಿ ಕಣೇ. ನಿಮ್ಮಕ್ಕನ ಮಗೂಗೆ ಒಂದು ಟೋಪಿಗಾಗತ್ತೆ."

"ಬೇಡಮ್ಮ, ನಾನು ಬರೋವರೆಗೂ ಮುಟ್ಬೇಡ."

"ವರ್ಷದಿಂದ ಧೂಳು ತಿಂತಾ ಬಿದ್ದಿದೆ. ಇನ್ನು ಅದನ್ನ ಯಾರು ಮುಗಿಸ್ತಾರೆ ಹೇಳು?"

ಫೋನ್ ಕೆಳಗಿಟ್ಟೆ. ಕಳೆದ ಚಳಿಗಾಲ ಜ್ವರದಿಂದ ಎದ್ದಮೇಲೆ ಅಜ್ಜಿ ಮಾತು ಬಿಟ್ಟಿದ್ದಳು. ಊಟ ಮಾಡುತ್ತಾಳೆ, ಕಿಟಕಿಯ ಪಕ್ಕ ಕೂರುತ್ತಾಳೆ, ನನ್ನನ್ನು ನೋಡುತ್ತಾಳೆ. ನಾನು ಯಾರೆಂದು ಗೊತ್ತೋ ಇಲ್ಲವೋ, ಆ ಕಣ್ಣು ಮಾತ್ರ ಹೇಳುವುದಿಲ್ಲ. ಅವಳ ಕೊನೆಯ ಕಥೆ ಆ ಸ್ವೆಟರಿನ ಜೊತೆಗೇ ಅರ್ಧಕ್ಕೆ ನಿಂತಿತ್ತು. ಅದನ್ನೂ ಬಿಚ್ಚಿಬಿಟ್ಟರೆ ಅವಳನ್ನು ಎಲ್ಲಿಂದ ಹಿಡಿದು ಎಳೆಯಲಿ?

ಚಿಕ್ಕವಳಿದ್ದಾಗ ಅವಳ ಶಾಲಿನೊಳಗೆ ತೂರಿಕೊಂಡು, ತಣ್ಣಗಾದ ಪಾದಗಳನ್ನು ಅವಳ ತೊಡೆಯ ಕೆಳಗೆ ಸಿಕ್ಕಿಸಿಬಿಡುತ್ತಿದ್ದೆ. "ಕಳ್ಳಿ!" ಎನ್ನುವಳು. ನನ್ನನ್ನು ಹಾಗೆ ಕರೆಯುತ್ತಿದ್ದವಳು ಅವಳೊಬ್ಬಳೇ. ಆಮೇಲೆ ಕಡ್ಡಿಗಳ ಟಿಕ್ ಟಿಕ್, ಅದರ ಜೊತೆಗೆ ಕಥೆ. ಕಡ್ಡಿಯ ಮೇಲಿನ ಒಂದೊಂದು ಕುಣಿಕೆಗೂ ಅವಳು 'ಮನೆ' ಎನ್ನುತ್ತಿದ್ದಳು.

"ಚಳಿಮುದುಕಿ ಕೋಲು ಊರ್ಕೊಂಡು ಬೀದಿಗೆ ಬಂದ್ಲು. ಇಪ್ಪತ್ತೆರಡು ಮನೆ, ಇಪ್ಪತ್ಮೂರು ಮನೆ... ಎಲ್ಲಾ ಬಾಗಿಲೂ ಹಾಕಿದೆ... ಇಪ್ಪತ್ನಾಲ್ಕು..."

ಲೆಕ್ಕ ಸ್ವೆಟರಿನದ್ದೆಂದು ನನಗೇನು ಗೊತ್ತು? ಚಳಿಮುದುಕಿಯ ಬೀದಿಯಲ್ಲಿ ಸರಿಯಾಗಿ ಅರವತ್ತೆಂಟು ಮನೆಗಳಿವೆ ಎಂದೇ ನಂಬಿದ್ದೆ. ಶಾಲೆಯಲ್ಲಿ ಚಳಿಗಾಲದ ಬಗ್ಗೆ ಬರೆಯಲು ಹೇಳಿದಾಗ ಹಾಗೆಯೇ ಬರೆದೆ. "ಜನಗಣತಿಗೆ ಹೋಗಿದ್ಯೇನಮ್ಮಾ?" ಎಂದು ಕೇಳಿದ್ದರು ಟೀಚರ್. ಒಮ್ಮೊಮ್ಮೆ ಅಜ್ಜಿ, "ಅಯ್ಯೋ, ಒಂದು ಮನೆ ಬಿಟ್ಟೋಯ್ತು!" ಎನ್ನುವಳು. ನನ್ನ ಎದೆ ಧಸಕ್ಕೆನ್ನುತ್ತಿತ್ತು. ಬಿಟ್ಟುಹೋದ ಮನೆಗೇ ತಾನೆ ಮುದುಕಿ ನುಗ್ಗುವುದು! ಅಜ್ಜಿ ಕಡ್ಡಿಯ ತುದಿಯಿಂದ ಆ ಮನೆಯನ್ನು ಎತ್ತಿಕೊಳ್ಳುವವರೆಗೂ ಉಸಿರು ಬಿಡುತ್ತಿರಲಿಲ್ಲ.

"ಕೊನೆಗೆ ಅವಳು ಎಲ್ಲಿ ಹೋದ್ಲು ಅಜ್ಜಿ?"

"ಸ್ವೆಟರ್ ಮುಗೀಲಿ, ಹೇಳ್ತೀನಿ."

ಸ್ವೆಟರ್ ಮುಗಿಯುವಷ್ಟರಲ್ಲಿ ಪ್ರತಿ ಸಲವೂ ಚಳಿಗಾಲವೇ ಮುಗಿದುಹೋಗಿರುತ್ತಿತ್ತು.

ಅಂಗಡಿಯಲ್ಲಿ ಸೂಜಿ ಎರಡನೇ ಸಲ ಬೆರಳಿಗೆ ಚುಚ್ಚಿತು. ಎದ್ದೆ, ಕೂತೆ, ಮತ್ತೆ ಎದ್ದು ಬಾಗಿಲಿಗೆ ಹೋಗಿ ಬಂದೆ.

"ಕಾಲಿಗೇನು ಚಕ್ರ ಕಟ್ಕೊಂಡಿದೀಯಾ?" ಎಂದರು ಅಂಗಡಿಯ ಯಜಮಾನತಿ. "ಹೋಗೋದಾದ್ರೆ ಹೋಗಿಬಿಡು ತಾಯಿ, ಕೋಟಿಗೆ ರಕ್ತ ಹತ್ತಿಸ್ಬೇಡ."

ಓಡಿದೆ. ಮನೆ ತಲುಪುವ ಹೊತ್ತಿಗೆ ಅಮ್ಮನ ಮಡಿಲಲ್ಲಿ ನಿಂಬೆಗಾತ್ರದ ನೀಲಿ ಉಂಡೆ. ಎಂಟು ಸಾಲು ಹೋಗಿತ್ತು. ಕಡ್ಡಿಯಿಂದ ಕಳಚಿದ ಕುಣಿಕೆಗಳು ಬಾಯಿ ತೆರೆದು ನಿಂತಿದ್ದವು.

"ಕೊಡಮ್ಮ ಇಲ್ಲಿ."

"ಹುಚ್ಚು ಕಣೇ ನಿನಗೆ."

ಸ್ವೆಟರನ್ನಷ್ಟೇ ಕಸಿದುಕೊಂಡು ಅಜ್ಜಿಯ ಕಾಲ ಬುಡದಲ್ಲಿ ಕೂತೆ. ಕುಣಿಕೆಗಳನ್ನು ಒಂದೊಂದಾಗಿ ಕಡ್ಡಿಗೆ ಏರಿಸಿ, ಹೆಣೆಯುತ್ತಾ ಜೋರಾಗಿ ಎಣಿಸತೊಡಗಿದೆ.

"ಚಳಿಮುದುಕಿ ಬೀದಿಗೆ ಬಂದ್ಲು. ಒಂದು ಮನೆ, ಎರಡು ಮನೆ..."

ಅಜ್ಜಿ ಕಿಟಕಿಯ ಆಚೆಗೇ ನೋಡುತ್ತಿದ್ದಳು. ಇಪ್ಪತ್ತಾಯಿತು, ಮೂವತ್ತಾಯಿತು. ನನ್ನ ಕಣ್ಣು ಹೆಣಿಗೆಗಿಂತ ಅವಳ ಮುಖದ ಮೇಲೇ ಇತ್ತು.

"ನಲವತ್ತು, ನಲವತ್ತೆರಡು..."

"ನಲವತ್ತೊಂದು."

ಅಮ್ಮನ ಮಡಿಲಿನಿಂದ ಉಂಡೆ ಉರುಳಿತು. ತುಕ್ಕು ಹಿಡಿದ ಚಿಲಕ ಸರಿಸಿದಂತಿತ್ತು ಅಜ್ಜಿಯ ದನಿ. ತಿದ್ದಿಕೊಂಡು ಮುಂದುವರಿಸಿದೆ. ಐವತ್ತು, ಅರವತ್ತು, ಅರವತ್ತೆಂಟು. ಅವಳು ಮತ್ತೆ ತುಟಿ ಬಿಚ್ಚಲಿಲ್ಲ. ಎಣಿಕೆಯೊಂದು ಸುಮ್ಮನೆ ಬಾಯಿಗೆ ಬಂದಿರಬೇಕು, ಅಷ್ಟೆ. ಎಣಿಸುವವಳು ನಾನಲ್ಲದೆ ಬೇರೆ ಯಾರಾಗಿದ್ದರೂ ಹಾಗೆಯೇ ಹೇಳುತ್ತಿದ್ದಳೇನೋ.

ಮುಂದಿನ ಸಾಲಿನಲ್ಲಿ, ಎಣಿಕೆ ತಪ್ಪಿಸದೆ, ಬೇಕೆಂದೇ ಒಂದು ಕುಣಿಕೆಯನ್ನು ಜಾರಿಸಿದೆ.

ಒಣಗಿದ ಬೆರಳೊಂದು ನನ್ನ ಮಣಿಕಟ್ಟಿನ ಮೇಲೆ ಬಿತ್ತು.

"ಕಳ್ಳಿ. ಮನೆ ಬಿಟ್ಯಲ್ಲ."

"ಎತ್ಕೊಳ್ಲಾ ಅಜ್ಜಿ?" ಎಂದೆ.

ಅವಳು ಹೊರಗಿನ ಮಂಜಿನತ್ತ ತಿರುಗಿದಳು.

"ಇರ್ಲಿ ಬಿಡು. ಪಾಪ, ಆ ಮುದುಕಿಯಾದ್ರೂ ಎಷ್ಟು ವರ್ಷ ಅಂತ ಬೀದೀಲೇ ನಿಂತಿರ್ತಾಳೆ? ಒಳಗೆ ಬಂದು ಕೂತ್ಕೊಳ್ಲಿ."

ಅಷ್ಟೇ. ಮತ್ತೆ ಕಿಟಕಿ, ಮತ್ತೆ ಮೌನ.

ಅಮ್ಮ ಸೆರಗಿನಿಂದ ಮೂಗೊರೆಸಿಕೊಂಡು, "ರಫು ಮಾಡೋಳ ಮನೇಲೇ ತೂತಿನ ಸ್ವೆಟರ್ರಾ?" ಎನ್ನುತ್ತಾ ಮಂಚದ ಕೆಳಗೆ ಹೋಗಿದ್ದ ಉಂಡೆಯನ್ನು ಹುಡುಕಿ ತಂದು ನನ್ನ ಪಕ್ಕದಲ್ಲಿಟ್ಟಳು.

ನಾನು ತಣ್ಣಗಿದ್ದ ಪಾದಗಳನ್ನು ಅಜ್ಜಿಯ ಶಾಲಿನ ಅಂಚಿನಡಿಗೆ ತೂರಿಸಿ ಮುಂದಿನ ಸಾಲು ಶುರು ಮಾಡಿದೆ, ಎಷ್ಟನೇ ಮನೆಯಲ್ಲಿ ಅವಳು ಮತ್ತೆ ಬಾಯಿ ತೆರೆಯುತ್ತಾಳೋ ಎಂದು ಅವಳ ತುಟಿಯನ್ನೇ ನೋಡುತ್ತಾ. ಒಂದು ಮನೆ. ಎರಡು ಮನೆ.